ಐದೇ ನಿಮಿಷ ಆಫ್ ಮಾಡಿ

ಭಾನುವಾರ ಬೆಳಗ್ಗೆ ಎಂಟಕ್ಕೆಲ್ಲ ಅಕ್ಕನ ಮನೆಯಿಂದ ಫೋನ್ ಬಂತೆಂದರೆ ಎರಡರಲ್ಲಿ ಒಂದು: ಬಳಗದಲ್ಲಿ ಯಾರೋ ತೀರಿಕೊಂಡಿದ್ದಾರೆ, ಇಲ್ಲವೇ ಭಾವನ ಕಂಪ್ಯೂಟರ್ ಏದುಸಿರು ಬಿಡುತ್ತಿದೆ. ಮೊದಲನೆಯದಾದರೆ ಅಕ್ಕ ಮಾತಾಡುತ್ತಾಳೆ. ಈ ಸಲ ಭಾವನೇ ಇದ್ದರು. ‘ಸ್ವಲ್ಪ ಸ್ಲೋ ಆಗಿದೆ ಕಣಯ್ಯಾ, ಬಂದು ನೋಡ್ಬಿಡು. ನಿಮ್ಮಕ್ಕ ಅಕ್ಕಿರೊಟ್ಟಿ ತಟ್ತಿದಾಳೆ.’

ನಾನು ಕಂಪ್ಯೂಟರ್ ಓದಿದವನಲ್ಲ. ತೊಂಬತ್ತರ ದಶಕದಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ಕೂತು ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು ಟೈಪ್ ಮಾಡುತ್ತಿದ್ದವನು. ನಮ್ಮ ಬಳಗದ ಲೆಕ್ಕದಲ್ಲಿ ಅಷ್ಟು ಸಾಕು, ನಾನು ಇಂಜಿನಿಯರ್. ನಿಜವಾದ ಇಂಜಿನಿಯರುಗಳಾದ ಅಕ್ಕನ ಮಗ ಮತ್ತು ಸೊಸೆ ‘ನಮ್ದು ಬೇರೆ ಡೊಮೇನು’ ಎಂದು ಎಂದೋ ಕೈತೊಳೆದುಕೊಂಡಿದ್ದಾರೆ.

ಭಾವ ಭದ್ರತೆಯ ವಿಷಯದಲ್ಲಿ ಉದಾಸೀನದವರು ಎಂದು ಯಾರೂ ಹೇಳುವ ಹಾಗಿಲ್ಲ. ಗೇಟಿಗೆ ಬೀಗ, ಗ್ರಿಲ್ಲಿಗೆ ಬೀಗ, ಬಾಗಿಲಿಗೆ ಬೀಗದ ಜೊತೆಗೆ ಚಿಲಕ. ಕಾಂಪೌಂಡಿನ ಮೇಲೆ ಗಾಜಿನ ಚೂರು. ‘ನಾಯಿ ಇದೆ ಎಚ್ಚರಿಕೆ’ ಎಂಬ ಬೋರ್ಡು. ನಾಯಿ ಸತ್ತು ಆರು ವರ್ಷವಾಯಿತು, ಬೋರ್ಡು ಇನ್ನೂ ಬೊಗಳುತ್ತಿದೆ. ಇಪ್ಪತ್ತು ವರ್ಷದಿಂದ ಹಾಲು ಹಾಕುತ್ತಿರುವವನನ್ನೂ ಕಿಂಡಿಯಲ್ಲಿ ನೋಡಿಯೇ ಬಾಗಿಲು ತೆಗೆಯುವ ಮನುಷ್ಯ. ಅದೇ ಮನುಷ್ಯ ಕಂಪ್ಯೂಟರಿನ ಮುಂದೆ ಕೂತರೆ ಹೆಸರಿಲ್ಲದ, ಊರಿಲ್ಲದ ಪರದೇಶಿಗಳಿಗೆಲ್ಲ ‘ಯೆಸ್, ಯೆಸ್, ಐ ಅಗ್ರೀ’ ಎನ್ನುತ್ತಾ ನಡುಮನೆಯಲ್ಲೇ ಮಣೆ ಹಾಕುತ್ತಾರೆ.

ಯಂತ್ರ ಎದ್ದು ಕೂರುವಷ್ಟರಲ್ಲಿ ನನ್ನದು ಎರಡು ರೊಟ್ಟಿ, ಒಂದು ಲೋಟ ಕಾಫಿ ಮುಗಿದಿತ್ತು. ಪರದೆಯ ಬಲಮೂಲೆಯಲ್ಲಿ ನೋಡುತ್ತೇನೆ, ಒಂದಲ್ಲ, ಎರಡಲ್ಲ, ಮೂರು ಆ್ಯಂಟಿವೈರಸ್. ಮೊದಲನೆಯದು ಕಂಪ್ಯೂಟರಿನ ಜೊತೆಯಲ್ಲೇ ಬಂದದ್ದು. ಮೂರು ತಿಂಗಳ ಟ್ರಯಲ್ ಮುಗಿದು ಮೂರು ವರ್ಷವಾದರೂ ಹೊಸಿಲು ಬಿಟ್ಟು ಕದಲದೆ, ಹತ್ತು ನಿಮಿಷಕ್ಕೊಮ್ಮೆ ಕೆಂಪು ಚೌಕ ಹಿಡಿದು ‘ನೀವು ಅಪಾಯದಲ್ಲಿದ್ದೀರಿ’ ಎಂದು ಎದೆ ಬಡಿದುಕೊಳ್ಳುತ್ತಿತ್ತು. ಎರಡನೆಯದು ಪುಕ್ಕಟೆ ಅವತರಣಿಕೆ. ಕೆಲಸ ಕಡಿಮೆ, ‘ದುಡ್ಡು ಕೊಟ್ಟು ದೊಡ್ಡದನ್ನು ತಗೊಳ್ಳಿ’ ಎಂಬ ಪಿರಿಪಿರಿ ಹೆಚ್ಚು. ಮೂರನೆಯದು ಭಾವನ ಹೆಮ್ಮೆ. ‘ಟೋಟಲ್ ಸೆಕ್ಯುರಿಟಿ, ಫುಲ್ ವರ್ಷನ್. ಲೈಸೆನ್ಸ್ ಯಾವಾಗಿನವರೆಗೆ ಇದೆ ನೋಡು.’ ನೋಡಿದೆ. 2099. ಭಾವನಿಗೆ ಈಗ ಅರವತ್ತೆಂಟು.

ಎರಡು ಆ್ಯಂಟಿವೈರಸ್ ಒಂದೇ ಯಂತ್ರದಲ್ಲಿ ಬಾಳ್ವೆ ಮಾಡುವುದೇ ಕಷ್ಟ. ಒಂದು ಕಡತ ತೆರೆದರೆ ಇಬ್ಬರೂ ಓಡಿಬಂದು ತಡೆದು ನಿಲ್ಲಿಸುತ್ತಾರೆ. ಅಷ್ಟೇ ಅಲ್ಲ, ಊರವರ ಕಡತಗಳಲ್ಲೆಲ್ಲ ಮೂಗು ತೂರಿಸುವ ಆಚೆಯವನು ಯಾರು ಎಂದು ಒಬ್ಬನ ಮೇಲೊಬ್ಬನಿಗೆ ಗುಮಾನಿ. ಭಾವನ ಮನೆಯಲ್ಲಿ ಮೂವರು. ಮೂರು ಜನ ಅತ್ತೆಯರಿರುವ ಅಡುಗೆಮನೆ ಅದು. ಸಾರಿಗೆ ಉಪ್ಪು ಮೂರು ಸಲ ಬೀಳುತ್ತದೆ, ಸಾರು ಮಾತ್ರ ಒಲೆಯಿಂದ ಇಳಿಯುವುದಿಲ್ಲ. ಇನ್ನು ವಿಂಡೋಸ್ ಜೊತೆಗೇ ಪುಕ್ಕಟೆಯಾಗಿ ಬರುವ ಡಿಫೆಂಡರ್ ಎಂಬ ಮನೆಮಗ, ದೊಡ್ಡವರು ಬಂದಿದ್ದಾರೆಂದು ಮರ್ಯಾದೆಯಿಂದ ತಾನಾಗಿ ಪಕ್ಕಕ್ಕೆ ಸರಿದು ಕೂತಿದ್ದ. ಅವನ ಜಾಯಮಾನವೇ ಅದು, ಹೊರಗಿನ ಕಾವಲುಗಾರ ಬಂದರೆ ಇವನು ಕೋಲು ಕೆಳಗಿಡುತ್ತಾನೆ.

‘ಈ ಮೂರನೇದನ್ನ ಎಲ್ಲಿಂದ ತಂದ್ರಿ ಭಾವ?’

‘ನೆಟ್ಟಲ್ಲೇ ಇತ್ತು. ಹೇಗೆ ಹಾಕ್ಕೊಳ್ಳೋದು ಅಂತ ಚೀಟಿ ಬೇರೆ ಬರೆದಿಟ್ಟಿದ್ರು, ಪಾಪ.’

ಚೀಟಿ ಓದಿದೆ. ಇಂಗ್ಲಿಷಿನಲ್ಲಿದ್ದರೂ ಭಾವ ನಮ್ಮದೇ ಮಾತಿನಲ್ಲಿ ಬಾಯಿಪಾಠ ಮಾಡಿದ್ದರು. ಮೊದಲನೆಯದಾಗಿ, ಈ ಕಡತವನ್ನು ಕಂಡರೆ ನಿಮ್ಮ ಆ್ಯಂಟಿವೈರಸ್ ವೈರಸ್ ವೈರಸ್ ಎಂದು ಕೂಗಾಡುತ್ತದೆ, ಅದು ಸುಳ್ಳು, ಕಿವಿಗೆ ಹಾಕಿಕೊಳ್ಳಬೇಡಿ. ಎರಡನೆಯದಾಗಿ, ಐದೇ ನಿಮಿಷ ಅದನ್ನು ಆಫ್ ಮಾಡಿ. ಮೂರನೆಯದಾಗಿ, ಯಜಮಾನನ ಅಧಿಕಾರ ಕೊಟ್ಟು ನಮ್ಮನ್ನು ಓಡಿಸಿ. ಆಮೇಲೆ ಆರಾಮವಾಗಿರಿ.

ಅಂದರೆ ಕಾವಲುಗಾರನನ್ನು ಕದ್ದು ತರುವುದಕ್ಕಾಗಿ, ಇದ್ದ ಕಾವಲುಗಾರನನ್ನು ಐದು ನಿಮಿಷ ಟೀ ಕುಡಿಯಲು ಕಳಿಸಿ, ಕಳ್ಳನ ಕೈಗೆ ಬೀಗದ ಗೊಂಚಲು ಕೊಟ್ಟು, ‘ಸ್ವಲ್ಪ ಬಾಗಿಲು ಭದ್ರ ಮಾಡಪ್ಪ’ ಎಂದು ಹೇಳಿ, ಭಾವ ಸಂಧ್ಯಾವಂದನೆಗೆ ಎದ್ದುಹೋಗಿದ್ದರು. ಕಳ್ಳ ಹೇಳಿದ ಕೆಲಸ ಮಾಡಿಲ್ಲ ಎನ್ನುವ ಹಾಗಿಲ್ಲ. ಲೈಸೆನ್ಸ್ 2099ರವರೆಗೆ ಇದೆ.

ಅದರ ಕೀಜೆನ್ ಅನ್ನೂ ಭಾವ ಓಡಿಸಿ ತೋರಿಸಿದರು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಕೀಜೆನ್ ಎಂದರೆ ಕಳ್ಳಕೀ ಅಚ್ಚು ಹಾಕಿಕೊಡುವ ಪುಟ್ಟ ಪ್ರೋಗ್ರಾಮು. ಬೊಟ್ಟಿನಷ್ಟು ಕಿಟಕಿ, ಅದರಲ್ಲಿ ಮಿಣಿಮಿಣಿ ದೀಪ, ಜೊತೆಗೆ ಟುಂಯ್ ಟುಂಯ್ ಎಂದು ಒಂದು ರಾಗ. ದಾಸರು ಪದದ ಕೊನೆಗೆ ಅಂಕಿತ ಇಟ್ಟ ಹಾಗೆ, ಬೀಗ ಒಡೆಯುವ ತಂಡಗಳು ತಮ್ಮ ಹೆಸರಿಗೆ ಇಂಥ ರಾಗ ಕಟ್ಟಿ ಕೂರಿಸುವುದು ಎಂಬತ್ತರ ದಶಕದಿಂದ ಬಂದ ಸಂಪ್ರದಾಯ. ರಾಗ ಶುರುವಾದದ್ದೇ ತಡ, ಅಕ್ಕನ ನಾಲ್ಕು ವರ್ಷದ ಮೊಮ್ಮಗಳು ಎಲ್ಲಿದ್ದಳೋ ಓಡಿಬಂದು ಎರಡೂ ಕೈ ಎತ್ತಿ ಕುಣಿಯತೊಡಗಿದಳು. ‘ದಿನಾ ಒಂದ್ಸಲ ಹಾಕ್ಲೇಬೇಕು, ಇಲ್ದಿದ್ರೆ ಊಟ ಮಾಡಲ್ಲ’ ಎಂದಳು ಅಕ್ಕ.

ಈ ಪುಕ್ಕಟೆ ಎನ್ನುವ ಮೂರಕ್ಷರಕ್ಕೂ ವೈರಸ್‌ಗೂ ಹುಟ್ಟಿನಿಂದಲೇ ನಂಟು. 1986ರ ಜನವರಿಯಲ್ಲಿ ಪಿಸಿಗಳ ಮೊಟ್ಟಮೊದಲ ವೈರಸ್ ಬಂತಲ್ಲ, ‘ಬ್ರೇನ್’, ಅದನ್ನು ಬರೆದವರು ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ ಎಂಬ ಅಣ್ಣತಮ್ಮಂದಿರು. ತಾವು ಬರೆದ ವೈದ್ಯಕೀಯ ತಂತ್ರಾಂಶವನ್ನು ಜನ ದುಡ್ಡು ಕೊಡದೆ ಫ್ಲಾಪಿಯಿಂದ ಫ್ಲಾಪಿಗೆ ನಕಲು ಮಾಡಿಕೊಳ್ಳುತ್ತಿದ್ದಾರೆ, ಅಂಥವರನ್ನು ಹಿಡಿಯಬೇಕು ಎಂದು ಬರೆದೆವು ಎಂಬುದು ಅವರ ಸಮಜಾಯಿಷಿ. ಮಾನವಂತರು. ವೈರಸ್ಸಿನ ಹೊಟ್ಟೆಯೊಳಗೇ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರುಗಳನ್ನೆಲ್ಲ ಬರೆದು, ಲಸಿಕೆ ಬೇಕಾದವರು ಸಂಪರ್ಕಿಸಿ ಎಂದು ಸೂಚಿಸಿದ್ದರು. ಕನ್ನ ಹಾಕಿದ ಮನೆಯ ಗೋಡೆಗೆ ವಿಸಿಟಿಂಗ್ ಕಾರ್ಡ್ ಅಂಟಿಸಿ ಹೋದ ಹಾಗೆ. ಸಮುದ್ರದಾಚೆಯ ದೇಶಗಳಿಂದೆಲ್ಲ ಫೋನ್ ಬರತೊಡಗಿದಾಗ ಅಣ್ಣತಮ್ಮಂದಿರೇ ಕಂಗಾಲು. 2011ರಲ್ಲಿ ಫಿನ್ಲೆಂಡಿನ ವೈರಸ್ ತಜ್ಞ ಮಿಕ್ಕೊ ಹಿಪ್ಪೊನೆನ್ ಲಾಹೋರಿಗೆ ಹೋಗಿ ಆ ವಿಳಾಸದ ಬಾಗಿಲು ತಟ್ಟಿದರೆ, ಅವರೇ ತೆಗೆದರು. ಇಪ್ಪತ್ತೈದು ವರ್ಷ ಅದೇ ವಿಳಾಸ! ಈಗಿನ ವೈರಸ್ ಕರ್ತೃಗಳು ನಾಚಬೇಕು.

ಲಾಹೋರಿನ ಅಣ್ಣತಮ್ಮ ರೋಗ ಕೊಟ್ಟರೆ, ಪುಣೆಯ ಅಣ್ಣತಮ್ಮ ಅದರಲ್ಲೇ ಬದುಕು ಕಟ್ಟಿಕೊಂಡರು. ಕೈಲಾಶ್ ಕಾಟ್ಕರ್ ರೇಡಿಯೊ, ಕ್ಯಾಲ್ಕುಲೇಟರ್ ರಿಪೇರಿ ಮಾಡುತ್ತಿದ್ದವರು. ತಮ್ಮ ಸಂಜಯ್ ಕೂತು ಬರೆದ ಮದ್ದೇ ‘ಕ್ವಿಕ್ ಹೀಲ್’. ಉಪಖಂಡ ಇಬ್ಭಾಗವಾದರೂ ಕೊಡುಕೊಳ್ಳುವಿಕೆ ನಿಂತಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ.

ಆ ಕಾಲದಲ್ಲಿ ನಮ್ಮ ಡಿಟಿಪಿ ಅಂಗಡಿಯ ಓನರ್ ವೈರಸ್ ವಿಷಯದಲ್ಲಿ ಬಲು ಕಟ್ಟುನಿಟ್ಟು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರಬೇಕು. ವೈರಸ್ ಧೂಳಿನಲ್ಲಿ ಬರುತ್ತದೆ ಎಂದು ಅವರು ನಂಬಿದ್ದರೋ, ನಮ್ಮನ್ನು ನಂಬಿಸಿದ್ದರೋ ತಿಳಿಯದು. ಅಂದಿನ ಶಾಲೆಗಳ ಕಂಪ್ಯೂಟರ್ ಕೋಣೆಗಳಲ್ಲೂ ಇದೇ ಮಡಿ. ಏಸಿ, ಪರದೆಗೆ ಬಟ್ಟೆಯ ಮುಸುಕು, ಬರಿಗಾಲು. ಆದರೆ ಗಿರಾಕಿ ಜೇಬಿನಿಂದ ತೆಗೆದ, ಊರೆಲ್ಲ ಮೇಯ್ದು ಬಂದ ಫ್ಲಾಪಿಗೆ ಯಾವ ಮೈಲಿಗೆಯೂ ಇಲ್ಲ. ಅದು ನೇರ ಗರ್ಭಗುಡಿಗೆ.

2000ದ ಮೇ ತಿಂಗಳ ಪ್ರೇಮಪತ್ರದ ಕತೆಯಲ್ಲೂ ಪುಕ್ಕಟೆಯದೇ ಪಾತ್ರ. ಮನಿಲಾದ ಓನೆಲ್ ಡಿ ಗುಜ್ಮಾನ್ ಎಂಬ ವಿದ್ಯಾರ್ಥಿಗೆ ಇಂಟರ್ನೆಟ್ಟಿಗೆ ಕಟ್ಟಲು ದುಡ್ಡಿರಲಿಲ್ಲ. ಬೇರೆಯವರ ಪಾಸ್‌ವರ್ಡ್ ಕದ್ದರೆ ಬಡವರಿಗೂ ಇಂಟರ್ನೆಟ್ ಸಿಗುತ್ತದೆ ಎಂದು ಕಾಲೇಜಿಗೆ ಪ್ರಬಂಧದ ಪ್ರಸ್ತಾವವನ್ನೇ ಕೊಟ್ಟ. ಗುರುಗಳು ತಿರಸ್ಕರಿಸಿದರು. ಹುಡುಗ ಪ್ರಾಯೋಗಿಕ ಪರೀಕ್ಷೆಗೆ ಇಳಿದ. ‘ಐ ಲವ್ ಯೂ’ ಎಂಬ ತಲೆಬರಹದ ಮಿಂಚಂಚೆ, ಜೊತೆಗೊಂದು ಓಲೆ. ತೆರೆದವರ ವಿಳಾಸಪಟ್ಟಿಯಲ್ಲಿದ್ದ ಅಷ್ಟೂ ಜನಕ್ಕೆ ಅದೇ ಓಲೆ ತಾನಾಗಿ ಹೋಗುತ್ತಿತ್ತು. ಬ್ರಿಟಿಷ್ ಸಂಸತ್ತು, ಪೆಂಟಗನ್ ಎಲ್ಲ ಅಂಚೆ ಬಂದ್ ಮಾಡಿ ಕೂತವು. ಲೋಕದ ಲಕ್ಷಾಂತರ ಆಫೀಸುಗಳಲ್ಲಿ, ಮನೆಯಲ್ಲೇ ಯಾರೂ ಅಂಥ ಮಾತಾಡಿ ಹದಿನೈದು ವರ್ಷವಾಗಿದ್ದ ಗುಮಾಸ್ತರು, ‘ಮ್ಯಾನೇಜರ್ ಸಾಹೇಬರು ನನ್ನನ್ನು ಪ್ರೀತಿಸುತ್ತಾರಂತೆ’ ಎಂದು ಓದಿ, ಸಂಶಯಪಡುವುದು ಬಿಟ್ಟು, ಓಲೆ ತೆರೆದರು. ಇದನ್ನು ತಾಂತ್ರಿಕ ದೋಷ ಎನ್ನುತ್ತಾರೆ.

ನಿಜವಾದ ತಾಂತ್ರಿಕ ದೋಷವೂ ಒಂದಿತ್ತು. ಓಲೆಯ ಹೆಸರಿನ ತುದಿಯಲ್ಲಿ ಬಾಲವೊಂದಿತ್ತು, ವಿಬಿಎಸ್ ಎಂದು. ಓದುವ ಕಡತವಲ್ಲ, ಓಡುವ ಪ್ರೋಗ್ರಾಮು ಎಂದು ಹೇಳುವ ಬಾಲ. ಕಡತದ ಬಾಲ ಬಳಕೆದಾರರ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲವೆಂದು ವಿಂಡೋಸ್ ಅದನ್ನು ಪಂಚೆಯೊಳಗೆ ಮುಚ್ಚಿಡುತ್ತದೆ. ಹಾಗಾಗಿ ಕಂಡದ್ದು ಅದರ ಮುಂಚಿನ ಟಿಎಕ್ಸ್‌ಟಿ ಮಾತ್ರ. ಕಾಲು ಶತಮಾನ ಕಳೆಯಿತು. ವಿಂಡೋಸ್ 11 ಕೂಡ ನಾವಾಗಿ ಹೋಗಿ ಬದಲಿಸದಿದ್ದರೆ ಬಾಲ ಮುಚ್ಚಿಯೇ ಇಡುತ್ತದೆ. ಹುಡುಗನಿಗೆ ಶಿಕ್ಷೆಯಾಗಲಿಲ್ಲ, ಅವನ ದೇಶದಲ್ಲಿ ಆಗ ಅಂಥ ಕಾನೂನೇ ಇರಲಿಲ್ಲ. ಎರಡು ದಶಕದ ನಂತರ ಪತ್ರಕರ್ತನೊಬ್ಬ ಹುಡುಕಿಕೊಂಡು ಹೋದಾಗ ಆತ ಮನಿಲಾದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ.

ಫ್ಲಾಪಿ ಹೋಗಿ ಪೆನ್‌ಡ್ರೈವ್ ಬಂದ ಮೇಲಂತೂ ನಮ್ಮೂರಿನ ಜೆರಾಕ್ಸ್ ಅಂಗಡಿಗಳು ವೈರಸ್‌ಗಳ ಮದುವೆ ಛತ್ರವಾದವು. ಹಾಲ್‌ಟಿಕೆಟ್ ಪ್ರಿಂಟ್‌ಗೆಂದು ಹೋದ ಪೆನ್‌ಡ್ರೈವ್ ಸಂಸಾರ ಸಮೇತ ಮನೆಗೆ ಬರುತ್ತಿತ್ತು. ತೆರೆದರೆ ‘ನ್ಯೂ ಫೋಲ್ಡರ್’ ಒಳಗೊಂದು ‘ನ್ಯೂ ಫೋಲ್ಡರ್’. ಫೋಲ್ಡರಿನ ಮುಖ, ಎಕ್ಸ್‌ಇಯ ಬಾಲ, ಬಾಲ ಎಂದಿನಂತೆ ಪಂಚೆಯೊಳಗೆ. ನಮ್ಮ ಹುಡುಗರು ಆರ್ಕುಟ್ ಎಂಬ ಜಾಲತಾಣದಲ್ಲಿ ಮುಳುಗಿದ್ದ ಕಾಲದಲ್ಲಿ ಒಂದು ಪೆನ್‌ಡ್ರೈವ್ ಹುಳು ಬಂತು. ಆರ್ಕುಟ್ ತೆರೆದರೆ ಸಾಕು, ‘ಮೂರ್ಖಾ, ಆರ್ಕುಟ್ ನಿಷೇಧಿಸಲಾಗಿದೆ’ ಎಂದು ಚೌಕ ಹಾಕಿ, ಬಯಲಾಟದ ರಕ್ಕಸನ ಹಾಗೆ ‘ಮುಹಹಹಾ’ ಎಂದು ನಗುತ್ತಿತ್ತು. ಪರೀಕ್ಷೆಯ ತಿಂಗಳಲ್ಲಿ ಎಷ್ಟೋ ಅಪ್ಪಂದಿರು ಈ ವೈರಸ್ ಎಲ್ಲಿ ಸಿಗುತ್ತದೆ ಎಂದು ನನ್ನನ್ನು ಗುಟ್ಟಾಗಿ ಕೇಳಿದ್ದುಂಟು.

ಜೆರಾಕ್ಸ್ ಅಂಗಡಿಯವನನ್ನು ಹೀಗಳೆಯುವ ಮೊದಲು ಇರಾನನ್ನು ನೆನೆಯಬೇಕು. ನತಾಂಜ್‌ನ ಅಣುಕೇಂದ್ರ, ಇಂಟರ್ನೆಟ್ಟಿನ ತಂತಿಯೂ ಸೋಕದ ಏಳು ಸುತ್ತಿನ ಕೋಟೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಹುಳು ಆ ಕೋಟೆಯೊಳಗೆ ಯುರೇನಿಯಂ ಸೋಸುವ ಯಂತ್ರಗಳನ್ನು ಹುಚ್ಚುಹುಚ್ಚಾಗಿ ತಿರುಗಿಸಿ ಕೆಡಿಸಿತು. ಅದನ್ನು ಬರೆದ ಬುದ್ಧಿವಂತರು ತಂತಿಯಿಲ್ಲದ ಆ ಅಂತರ ದಾಟಲು ನೆಚ್ಚಿಕೊಂಡದ್ದು ಹಾಲ್‌ಟಿಕೆಟ್ ಪ್ರಿಂಟಿನ ಅದೇ ಹಳೇ ದಾರಿಯನ್ನು, ಯಾರದೋ ಜೇಬಿನ ಪೆನ್‌ಡ್ರೈವನ್ನು.

ಈ ಕತೆಯೆಲ್ಲ ಹೇಳುತ್ತಾ ನಾನು ಭಾವನ ಯಂತ್ರದ ಒಳಗೆ ಇಣುಕಿದ್ದೆ. ಏನೂ ಕೆಲಸವಿಲ್ಲದಿದ್ದರೂ ಪ್ರೊಸೆಸರ್ ನೂರಕ್ಕೆ ತೊಂಬತ್ತೆಂಟರಷ್ಟು ದುಡಿಯುತ್ತಿತ್ತು, ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಮೊರೆಯುತ್ತಿತ್ತು. ಯಾರೋ ಪುಣ್ಯಾತ್ಮ ಅದರಲ್ಲಿ ನಾಣ್ಯ ಟಂಕಿಸುತ್ತಿದ್ದ. ಕಳ್ಳ ತಂತ್ರಾಂಶದ ಬೆನ್ನೇರಿ ಬರುವುದರಲ್ಲಿ ಇದೂ ಒಂದು ಫ್ಯಾಶನ್. ನಿಮ್ಮ ಕಡತ ಮುಟ್ಟುವುದಿಲ್ಲ, ನಿಮ್ಮ ಕರೆಂಟು, ನಿಮ್ಮ ಯಂತ್ರ ಬಳಸಿ ಮೊನೆರೊ ಎಂಬ ಗುಪ್ತನಾಣ್ಯ ಗಳಿಸಿಕೊಳ್ಳುತ್ತದೆ. 2021ರಲ್ಲಿ ಬಯಲಾದ ಕ್ರ್ಯಾಕೊನೋಶ್ ಹಾಗೆಯೇ. ಪುಕ್ಕಟೆ ಗೇಮುಗಳ ಒಳಗೆ ಅಡಗಿ ಬಂದು, ಕಂಪ್ಯೂಟರನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿ, ಅಂದರೆ ಕಾವಲುಗಾರರು ಕಣ್ಣುಮುಚ್ಚಿರುವ ಹೊತ್ತು ನೋಡಿ, ಅವರನ್ನು ಕಿತ್ತೆಸೆಯುತ್ತಿತ್ತು. ಚೆಕ್ ಜಾನಪದದ ಬೆಟ್ಟದ ಭೂತವೊಂದರ ಹೆಸರಂತೆ ಅದು.

‘ಅದಕ್ಕೇ ಕರೆಂಟ್ ಬಿಲ್ಲು ಜಾಸ್ತಿ!’ ಎಂದಳು ಅಕ್ಕ. ಭಾವ ಎರಡು ತಿಂಗಳಿಂದ ಬಿಲ್ಲು ಬರೆಯುವ ಹುಡುಗನ ಜೊತೆ ಜಗಳ ಕಾದಿದ್ದರು. ಈಗ ಗೋಡೆ ನೋಡಿದರು.

ಆ ಭೂತವನ್ನು ಹಿಡಿದದ್ದು ಅವಾಸ್ಟ್ ಎಂಬ ಪ್ರಾಗ್ ನಗರದ ಹೆಸರಾಂತ ಆ್ಯಂಟಿವೈರಸ್ ಕಂಪನಿ. ಅವರ ಪುಕ್ಕಟೆ ಕಾವಲುಗಾರ ಕೋಟಿಗಟ್ಟಲೆ ಮನೆಗಳ ಬಾಗಿಲಲ್ಲಿ ನಿಂತಿದ್ದ. ನಿಮ್ಮನ್ನು ಯಾರೂ ಹಿಂಬಾಲಿಸದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಮಾತು ಬೇರೆ ಕೊಟ್ಟಿದ್ದ. ಒಳ್ಳೆಯ ಮಾತು, ಏಕೆಂದರೆ ಹಿಂಬಾಲಿಸುತ್ತಿದ್ದವನು ಅವನೇ. ನೀವು ಯಾವ ಜಾಲತಾಣಕ್ಕೆ ಹೋದಿರಿ, ಯಾವ ರೋಗದ ಬಗ್ಗೆ ಹುಡುಕಿದಿರಿ ಎಂದೆಲ್ಲ ಬರೆದಿಟ್ಟುಕೊಂಡು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದ. 2020ರ ಜನವರಿಯಲ್ಲಿ ಗುಟ್ಟು ರಟ್ಟಾಗಿ ಆ ಅಂಗಡಿ ಮುಚ್ಚಿತು. 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ 1.65 ಕೋಟಿ ಡಾಲರ್ ದಂಡ ಜಡಿಯಿತು. ಬೇಹುಗಾರ ತಂತ್ರಾಂಶದಿಂದ ರಕ್ಷಿಸಲು ಬಂದ ತಂತ್ರಾಂಶ ಬೇಹುಗಾರಿಕೆ ಮಾಡಿದರೆ ಅದಕ್ಕೆ ಏನೆನ್ನಬೇಕು? ಕಂಪನಿಯ ಭಾಷೆಯಲ್ಲಿ, ಷರತ್ತು ಮತ್ತು ನಿಬಂಧನೆ.

ಹೆದರಿಕೆ ಮಾರುವ ಈ ದಂಧೆಯ ಆದಿಪುರುಷ ಜಾನ್ ಮ್ಯಾಕಫೀ. 1992ರ ಮಾರ್ಚ್ 6, ಶಿಲ್ಪಿ ಮೈಕೆಲೆಂಜೆಲೊ ಹುಟ್ಟಿದ ದಿನ, ಅದೇ ಹೆಸರಿನ ವೈರಸ್ ಎದ್ದು ಲೋಕದ 50 ಲಕ್ಷ ಕಂಪ್ಯೂಟರುಗಳನ್ನು ನುಂಗಬಹುದು ಎಂದು ಆತ ಸುದ್ದಿಗಾರರಿಗೆ ಭವಿಷ್ಯ ನುಡಿದ. ನಮ್ಮ ಟೀವಿ ಜ್ಯೋತಿಷಿಗಳು ಗ್ರಹಣದ ಹಿಂದಿನ ವಾರ ಮಾಡುವ ಕೆಲಸ. ಜನ ಮುಗಿಬಿದ್ದು ಆ್ಯಂಟಿವೈರಸ್ ಕೊಂಡರು. ಮಾರ್ಚ್ 6 ಬಂತು, ಕೆಲವು ಸಾವಿರ ಯಂತ್ರಗಳು ಕೆಟ್ಟವು, ಮಾರ್ಚ್ 7 ಬಂತು. ತನ್ನ ಆ್ಯಂಟಿವೈರಸ್ ಕಂಪನಿ ಬಿಟ್ಟು ಎಷ್ಟೋ ವರ್ಷವಾದ ಮೇಲೆ, 2013ರಲ್ಲಿ, ಅದೇ ಮ್ಯಾಕಫೀ ತನ್ನ ಹೆಸರಿನ ಆ್ಯಂಟಿವೈರಸನ್ನು ಕಂಪ್ಯೂಟರಿನಿಂದ ಕಿತ್ತುಹಾಕುವುದು ಹೇಗೆಂದು ಒಂದು ಪೋಲಿ ವಿಡಿಯೊ ಮಾಡಿ ಹರಿಯಬಿಟ್ಟ. ಅವನ ಬದುಕಿನ ಅತ್ಯಂತ ಪ್ರಾಮಾಣಿಕ ತಾಂತ್ರಿಕ ಸಲಹೆ ಅದೇ ಎಂದು ನನ್ನ ಅನಿಸಿಕೆ.

ಡಬ್ಬದ ಮೇಲೆ ‘ನೂರಕ್ಕೆ ನೂರು ರಕ್ಷಣೆ’ ಎಂದು ಅಚ್ಚು ಹಾಕುವವರು ಫ್ರೆಡ್ ಕೋಹೆನ್ ಎಂಬ ಕಂಪ್ಯೂಟರ್ ವಿಜ್ಞಾನಿಯ ಹೆಸರು ಹೇಳುವುದಿಲ್ಲ. ಎಲ್ಲ ವೈರಸ್‌ಗಳನ್ನೂ ತಪ್ಪದೆ ಗುರುತಿಸುವ ಪ್ರೋಗ್ರಾಮು ಅಸಾಧ್ಯ ಎಂದು ಆತ ಎಂಬತ್ತರ ದಶಕದಲ್ಲೇ ಗಣಿತದ ಮೂಲಕ ಸಾಧಿಸಿಬಿಟ್ಟಿದ್ದಾನೆ. ಹಾಗಾಗಿ ಆ್ಯಂಟಿವೈರಸ್ ಎಂಬುದು ಹೆಚ್ಚಿನಂಶ ಊಹೆಯಲ್ಲಿ ಬದುಕುವ ಜೀವಿ. ಊಹೆ ತಪ್ಪಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಒಂದು ದಿನ ನಾನು ಕೂತು ಲೇಖನ ಟೈಪ್ ಮಾಡುತ್ತಿರುವಾಗ ‘ಅ’ ಒತ್ತಿದರೆ ‘ಎ’ ಬರತೊಡಗಿತು. ನನ್ನ ಕನ್ನಡ ಕೀಲಿಮಣೆ ತಂತ್ರಾಂಶವನ್ನು ಕಾವಲುಗಾರ ಬೇಹುಗಾರನೆಂದು ಹಿಡಿದು ಸೆರೆಗೆ ಹಾಕಿದ್ದ. ಅಪರಾಧವೇನೆಂದು ನೋಡಿದರೆ, ಒತ್ತಿದ ಪ್ರತಿ ಕೀಲಿಯನ್ನೂ ಇದು ನಡುವೆ ತಡೆದು ಗಮನಿಸುತ್ತಿದೆ! ಗಮನಿಸದೆ ‘ಕ’ಕ್ಕೆ ಒತ್ತು ಹೇಗಪ್ಪ ಕೊಡುವುದು? ಪಾಸ್‌ವರ್ಡ್ ಕದಿಯುವವನೂ ಕೀಲಿ ನೋಡುತ್ತಾನೆ, ಕನ್ನಡ ಬರೆಸುವವನೂ ಕೀಲಿ ನೋಡುತ್ತಾನೆ. ವಿದೇಶಿ ಕಾವಲುಗಾರನಿಗೆ ಇಬ್ಬರೂ ಒಂದೇ. ಅದೇ ಯಂತ್ರದಲ್ಲಿ ಮೂರು ಜಾಹೀರಾತು ಟೂಲ್‌ಬಾರುಗಳು ರಾಜಾರೋಷವಾಗಿ ಓಡಾಡಿಕೊಂಡಿದ್ದವು. ಅವುಗಳ ಬಳಿ ಸರಿಯಾದ ಕಾಗದಪತ್ರ ಇತ್ತು. ನಾನೇ ‘ನೆಕ್ಸ್ಟ್, ನೆಕ್ಸ್ಟ್, ಫಿನಿಶ್’ ಒತ್ತಿ ಸಹಿ ಹಾಕಿಕೊಟ್ಟಿದ್ದೆ.

2024ರ ಜುಲೈ 19ರಂದು ಲೋಕದಾದ್ಯಂತ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಬಣ್ಣಕ್ಕೆ ತಿರುಗಿ ಮಲಗಿದವಲ್ಲ, ಅದೂ ವೈರಸ್ ಅಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭಾರೀ ಕಾವಲು ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಿಂದ ಬರೆದು ಕೊಟ್ಟರು. ಯಾವ ವೈರಸ್ ಕರ್ತೃವೂ ಕನಸಿನಲ್ಲೂ ಕಾಣದ ಸಾಧನೆ.

‘ಅದಕ್ಕೇ ನಾನು ಅಪ್‌ಡೇಟ್ ಮಾಡಲ್ಲ’ ಎಂದರು ಭಾವ, ಗೋಡೆ ನೋಡುವುದು ಬಿಟ್ಟು. ಎಸ್.ಪಿ. ರೋಡಿನಲ್ಲಿ ಯಂತ್ರ ಜೋಡಿಸಿಕೊಟ್ಟ ಹುಡುಗ ಅಂದೇ ಹೇಳಿದ್ದನಂತೆ, ‘ಅಪ್‌ಡೇಟ್ ಮಾತ್ರ ಆನ್ ಮಾಡ್ಬೇಡಿ ಸಾರ್, ಪರದೆ ಕಪ್ಪಾಗತ್ತೆ.’ ವಿಂಡೋಸೂ ಕದ್ದ ಮಾಲು, ಅದಕ್ಕೇ.

ಇಲ್ಲಿ ನಾನು ಸ್ವಲ್ಪ ದನಿ ಏರಿಸಿದೆ. 2017ರ ಮೇ 12ರಂದು ವಾನಾಕ್ರೈ ಎಂಬ ಹುಳು ಬಂದು, 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳ ಕಡತಗಳಿಗೆ ಬೀಗ ಜಡಿದು, ಬಿಡಿಸಲು 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ಮುಂದೆ ಹೋದವು. ಅದು ನುಗ್ಗಿದ ಕಿಂಡಿಯನ್ನು ಅಮೆರಿಕದ ಬೇಹು ಸಂಸ್ಥೆ ತನ್ನ ಉಪಯೋಗಕ್ಕೆಂದು ಗುಟ್ಟಾಗಿ ಇಟ್ಟುಕೊಂಡಿತ್ತು. ದೊಡ್ಡವರ ಮನೆಯಲ್ಲಿ ಕಳವಾಗಿ ಬೀದಿಗೆ ಬಂತು. ಮೈಕ್ರೊಸಾಫ್ಟ್ ಆ ಕಿಂಡಿ ಮುಚ್ಚುವ ತೇಪೆಯನ್ನು ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ಪುಕ್ಕಟೆಯಾಗಿ ಕಳಿಸಿತ್ತು. ಲೋಕದ ತುಂಬ ಭಾವಂದಿರು ‘ಆಮೇಲೆ ನೆನಪಿಸು’ ಒತ್ತಿದ್ದರು. ಕೊನೆಗೆ ಅದನ್ನು ತಡೆದವನು ಇಂಗ್ಲೆಂಡಿನ ಮಾರ್ಕಸ್ ಹಚಿನ್ಸ್ ಎಂಬ 22 ವರ್ಷದ ಹುಡುಗ. ಆ ಪ್ರೋಗ್ರಾಮಿನೊಳಗೆ ಕಂಡ ಒಂದು ಅಸಂಬದ್ಧ ಜಾಲವಿಳಾಸವನ್ನು ಹತ್ತು ಡಾಲರ್ ಚಿಲ್ಲರೆಗೆ ಕೊಂಡ, ಹಾವಳಿ ನಿಂತಿತು. ಇಡೀ ಕತೆಯಲ್ಲಿ ದುಡ್ಡು ಕೊಟ್ಟು ಏನನ್ನಾದರೂ ಕೊಂಡು ಉಪಕಾರ ಮಾಡಿದವನು ಅವನೊಬ್ಬನೇ.

‘ಹಾಗಾದ್ರೆ ದುಡ್ಡು ಕೊಟ್ಟೋರಿಗೆ ವೈರಸ್ ಬರಲ್ವಾ?’ ಭಾವ ನಿವೃತ್ತರಾದರೂ ಅಡ್ಡಪ್ರಶ್ನೆಗೆ ನಿವೃತ್ತಿ ಕೊಟ್ಟವರಲ್ಲ. ಸುಳ್ಳು ಹೇಳಲಾರದೆ 2005ರ ಸೋನಿ ಕತೆ ಹೇಳಿದೆ. ಹಾಡಿನ ಸಿಡಿಯನ್ನು ಜನ ನಕಲು ಮಾಡಬಾರದೆಂದು ಸೋನಿ ಬಿಎಂಜಿ ಕಂಪನಿ ಅದರಲ್ಲೊಂದು ಗುಪ್ತ ಪ್ರೋಗ್ರಾಮು ಇಟ್ಟಿತ್ತು. ಸಿಡಿ ಹಾಕಿದರೆ ಅದು ವಿಂಡೋಸಿನ ಬುಡದಲ್ಲಿ ಇಳಿದು, ತನ್ನನ್ನೂ ತನ್ನ ಹೆಸರಿನ ಗುರುತು ಹೊತ್ತವರನ್ನೂ ಕಾಣದಂತೆ ಮರೆಮಾಡುತ್ತಿತ್ತು. ಮಾರ್ಕ್ ರುಸ್ಸಿನೋವಿಚ್ ಎಂಬ ವಿಂಡೋಸ್ ಪಂಡಿತ ತನ್ನದೇ ಯಂತ್ರದಲ್ಲಿ ಇದನ್ನು ಕಂಡು ಬೆಚ್ಚಿಬಿದ್ದ. ಆಮೇಲೆ ಬೇರೆ ವೈರಸ್‌ಗಳೂ ಅದೇ ಮರೆಯಲ್ಲಿ ಬಂದು ಕೂತವು. ಕದ್ದು ಕೇಳಿದವರಿಗೆ ಏನೂ ಆಗಲಿಲ್ಲ. ಅಂಗಡಿಗೆ ಹೋಗಿ, ರಶೀದಿ ಪಡೆದು, ಸಿಡಿ ಕೊಂಡ ಸಂಭಾವಿತರ ಯಂತ್ರಗಳೇ ಕೆಟ್ಟವು.

‘ನೋಡಿದ್ಯಾ!’ ಎಂದು ಭಾವ ಅಕ್ಕನ ಕಡೆ ತಿರುಗಿದರು. ಅವರ ಮುಖದಲ್ಲಿ ಕಳೆದ ಅರ್ಧ ಗಂಟೆಯಿಂದ ಕಾಣೆಯಾಗಿದ್ದ ತೇಜಸ್ಸು. ‘ನಾನು ಹೇಳ್ಲಿಲ್ವಾ, ದುಡ್ಡು ಕೊಟ್ರೇ ತೊಂದ್ರೆ.’

ನಾವು ಬರೀ ವೈರಸ್ ಆಮದು ಮಾಡಿಕೊಂಡು ಕೂತಿಲ್ಲ, ಹೆದರಿಕೆಯನ್ನು ರಫ್ತೂ ಮಾಡುತ್ತೇವೆ ಎಂಬುದನ್ನು ಭಾವನಿಗೆ ಹೇಳಲು ಮನಸ್ಸಾಗಲಿಲ್ಲ. ನಮ್ಮ ದೇಶದ ಕೆಲವು ಕಾಲ್‌ಸೆಂಟರುಗಳಿಂದ ಅಮೆರಿಕದ ಅಜ್ಜ ಅಜ್ಜಿಯರಿಗೆ ಫೋನ್ ಹೋಗುತ್ತದೆ, ‘ಮೈಕ್ರೊಸಾಫ್ಟಿನಿಂದ ಮಾತಾಡುತ್ತಿದ್ದೇವೆ, ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ.’ ಪುರಾವೆಗೆ ವಿಂಡೋಸಿನ ಈವೆಂಟ್ ವ್ಯೂವರ್ ತೆರೆಸುತ್ತಾರೆ. ಅದು ಯಂತ್ರದ ದಿನಚರಿ. ಗಟ್ಟಿಮುಟ್ಟಾದ ಯಂತ್ರದಲ್ಲೂ ಕೆಂಪು ಗುರುತು ನೂರಾರು ಇರುತ್ತವೆ, ಆರೋಗ್ಯವಂತನೂ ದಿನಕ್ಕೆ ನಾಲ್ಕು ಸಲ ಸೀನುವ ಹಾಗೆ. ಅಜ್ಜಿ ಆ ಕೆಂಪು ಸಾಲು ಕಂಡು ನಡುಗುತ್ತಾಳೆ, ಕಾರ್ಡ್ ನಂಬರು ಹೇಳುತ್ತಾಳೆ. 2023ರ ಅಕ್ಟೋಬರ್‌ನಲ್ಲಿ ಸಿಬಿಐ ‘ಆಪರೇಷನ್ ಚಕ್ರ’ದ ಎರಡನೇ ಸುತ್ತಿನಲ್ಲಿ ಇಂಥವರೂ ಸೇರಿದಂತೆ ಸೈಬರ್ ವಂಚಕರ ಮೇಲೆ 76 ಕಡೆ ದಾಳಿ ಮಾಡಬೇಕಾಯಿತು. ಇಲ್ಲದ ವೈರಸ್ಸಿಗೆ ಮದ್ದು ಮಾರುವುದು! ಮ್ಯಾಕಫೀ ಬದುಕಿದ್ದರೆ ಶಾಲು ಹೊದಿಸುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಇಡೀ ಯಂತ್ರ ತೊಳೆದು, ಭಾವ ಗೊಣಗುತ್ತಲೇ ಬಿಚ್ಚಿದ ದುಡ್ಡಿನಲ್ಲಿ ಅಸಲಿ ವಿಂಡೋಸ್ ಹಾಕಿದೆ. ಮೂವರು ಅತ್ತೆಯರನ್ನೂ ಮನೆಗೆ ಕಳಿಸಿ, ಮನೆಮಗ ಡಿಫೆಂಡರನ ಕೈಗೆ ಕೋಲು ಕೊಟ್ಟೆ. ಸಾಮಾನ್ಯ ಮನೆಗೆ ಅವನೊಬ್ಬ ಸಾಕು, ಅಪ್‌ಡೇಟ್ ಊಟ ಮಾತ್ರ ತಪ್ಪಿಸಬಾರದು. ಕಡತಗಳ ಬಾಲ ಕಾಣುವಂತೆ ಮಾಡಿದೆ. ದಿನಬಳಕೆಗೆ ಯಜಮಾನನ ಅಧಿಕಾರವಿಲ್ಲದ ಬೇರೆ ಖಾತೆ ತೆರೆದೆ. ‘ನನ್ನ ಮನೇಲಿ ನಾನೇ ಬಾಡಿಗೆದಾರನಾ?’ ಎಂದು ಭಾವ ಬೇಸರಪಟ್ಟರು. ಫೋಟೊಗಳನ್ನೆಲ್ಲ ಹೊರಗಿನ ಡಿಸ್ಕಿಗೆ ತುಂಬಿ, ತಂತಿ ಕಿತ್ತು, ಅಕ್ಕನ ಬೀರುವಿನಲ್ಲಿ ಸೀರೆಗಳ ನಡುವೆ ಇಡಿಸಿದೆ. ಒಡವೆಯ ಪಕ್ಕ. ತಂತಿ ಸಿಕ್ಕಿಸಿಯೇ ಇಟ್ಟರೆ ಬೀಗ ಜಡಿಯುವ ವೈರಸ್ ಅದಕ್ಕೂ ಜಡಿಯುತ್ತದೆ ಎಂದದ್ದು ಅಕ್ಕನಿಗೆ ಒಂದೇ ಸಲಕ್ಕೆ ಅರ್ಥವಾಯಿತು.

ಕಂಪ್ಯೂಟರ್ ಉಸಿರೆತ್ತದೆ ಓಡುತ್ತಿತ್ತು. ಫ್ಯಾನಿನ ಸದ್ದಿಲ್ಲ. ನಾನು ಚಪ್ಪಲಿ ಮೆಟ್ಟುತ್ತಿರುವಾಗ ಒಳಗಿನಿಂದ ಮಗು ಅಳುವ ಸದ್ದು ಕೇಳಿತು. ‘ಟುಂಯ್ ಟುಂಯ್ ಹಾಕು ತಾತಾ!’ ತಟ್ಟೆಯಲ್ಲಿ ಮೊಸರನ್ನ ಆರುತ್ತಿತ್ತು. ಅಕ್ಕ ಬೇರೆ ಏನೇನೋ ಹಾಡು ಹೇಳಿ ನೋಡಿದಳು. ಊಹೂಂ.

ಗೇಟಿನ ಬೀಗ ತೆಗೆಯುತ್ತಾ ತಿರುಗಿ ನೋಡಿದೆ. ಕಿಟಕಿಯಲ್ಲಿ ಭಾವನ ಬೆನ್ನು ಕಾಣುತ್ತಿತ್ತು. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕನ್ನಡಕ ಏರಿಸಿ, ಕೀಬೋರ್ಡಿನ ಮೇಲೆ ಒಂದೊಂದೇ ಬೆರಳಲ್ಲಿ ಏನೋ ಹುಡುಕುತ್ತಿದ್ದರು.

‘ಅಳ್ಬೇಡ ಕಂದಾ, ತಾಳು. ಐದೇ ನಿಮಿಷ ಆಫ್ ಮಾಡ್ತೀನಿ.’